ದೇವಿಗೆ ಬಿಟ್ಟ ಆಡುಗಳು

ದೇವದುರ್ಗ, ಏಪ್ರಿಲ್ ೧೯೮೩

ಅಕ್ಕಾ,

ಬಂದ ಕೆಲಸ ಕೆಟ್ಟಿತು. ಆಡಿನ ಮೈಯಲ್ಲಿ ಹಿಮೋಗ್ಲೋಬಿನ್ ಮಾಡುವ ಜೀನಿನ ಪಕ್ಕದಲ್ಲೇ ಅದರ ಕೆಟ್ಟುಹೋದ ನಕಲೊಂದಿದೆ. ಯಾವ ಕೆಲಸಕ್ಕೂ ಬಾರದಿದ್ದರೂ ತಾಯಿಯಿಂದ ಮರಿಗೆ ದಾಟುತ್ತಲೇ ಬಂದಿದೆ. ಅದು ಯಾವ ಕಾಲದಲ್ಲಿ ಕೆಟ್ಟಿತೆಂದು ತಿಳಿಯಲು ರಕ್ತ ಬೇಕು. ನಾನು ಸೂಜಿ ತೆಗೆದದ್ದೇ ತಡ, ಊರಿನ ಆಡುಗಳೆಲ್ಲ ದೇವಿಯ ಹರಕೆಯವಾಗಿಬಿಟ್ಟವು! ದೇವಿಗಿಂತ ಮೊದಲು ಅವುಗಳ ರಕ್ತವನ್ನು ಯಾರೂ ಮುಟ್ಟಬಾರದಂತೆ. ರಾಯಚೂರಿನಿಂದ ಹೊತ್ತು ತಂದ ಐಸು ನೀರಾಗುತ್ತಿದೆ. ಬಿಸಿಲಿಗೆ ತಲೆನೋವು, ಉಳಿದಂತೆ ಆರೋಗ್ಯ.

ಕೊನೆಗೆ ರೇಗಿ, "ಇಂಥ ನಕಲು ಮನುಷ್ಯರಲ್ಲೂ ಇದೆ, ತಿಳೀತಾ?" ಎಂದು ಕೂಗಿದೆ. ಆಡಿನ ಒಡತಿ ಹುಲಗೆಮ್ಮ ಸೆರಗು ಸರಿಸಿ ತೋಳು ಚಾಚಿದಳು.

"ಹಂಗಾದ್ರ ನನ್ನ ರಗತ ತಗೋರಿ. ನನ್ನೇನು ಯಾರೂ ದೇವ್ರಿಗಿ ಬಿಟ್ಟಿಲ್ಲ."

ಬಸ್ಸು ಬಂತು, ಇಲ್ಲಿಗೆ ನಿಲ್ಲಿಸುತ್ತೇನೆ.

ವಾರಿಜ