ಗಡಿಯಾರದಲ್ಲಿ ಮೂರು ಗಂಟೆ

ಮಾರ್ಚ್ 3
ಯಾರಿಗೂ ಹೇಳದ ಮಾತು — ನನಗೆ ವಿಮಾನ ಅಂದರೆ ಜೀವಭಯ. ಎರಡು ವರ್ಷದಿಂದ ಟಿಕೆಟ್ ಅಂಗಡಿಯಲ್ಲಿ ಕೂತು ಊರವರಿಗೆಲ್ಲ ಸೀಟು ಹಿಡಿದುಕೊಡುತ್ತೇನೆ. ಒಮ್ಮೆಯೂ ಹತ್ತಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ.

ಇವತ್ತು ಪರದೇಶದಲ್ಲಿ ಕೆಲಸಕ್ಕಿರುವ ಅಕ್ಕನ ಫೋನ್. ಆಸ್ಪತ್ರೆ ಸೇರಿದ್ದಾಳೆ. ಜ್ವರ ಶ್ವಾಸಕೋಶಕ್ಕೆ ಇಳಿದಿದೆಯಂತೆ. ಅಲ್ಲಿ ಅವಳಿಗೆ ಯಾರೂ ಇಲ್ಲ.

"ಒಂದ್ಸಲ ಬಂದು ಹೋಗೋ ಮರಿ."

ಅಪ್ಪನಿಗೆ ಪಾಸ್‌ಪೋರ್ಟ್ ಇಲ್ಲ. ನನ್ನದಿದೆ. ಹೋದ ವರ್ಷ ಅವಳೇ ಮಾಡಿಸಿದ ವೀಸಾ ಕೂಡ ಇದೆ. ನೆಪ ಹೇಳಲೂ ದಾರಿಯಿಲ್ಲ...

ಮಾರ್ಚ್ 4
ದುಡ್ಡು ಕಟ್ಟದೆ ಸೀಟು ಹೋಲ್ಡ್‌ಗೆ ಹಾಕಿ ಪ್ರಿಂಟ್ ತಂದೆ. ಅಪ್ಪ ಓದಿದ: ಹೊರಡುವುದು ಬೆಳಗ್ಗೆ ಹತ್ತು, ತಲುಪುವುದು ಮಧ್ಯಾಹ್ನ ಒಂದು.

"ಮೂರೇ ಗಂಟೆ! ನನ್ನ ಲಾರೀಲಿ ಇದು ಒಂದು ಟೀ ದೂರ ಕಣೋ."

"ಅಲ್ಲಪ್ಪ. ಅಲ್ಲಿನ ಗಡಿಯಾರ ಒಂಬತ್ತು ಗಂಟೆ ಹಿಂದೆ. ಹಾರೋದು ಹನ್ನೆರಡು ಗಂಟೆ. ಹತ್ತಿರ ಹತ್ತಿರ ಹತ್ತು ಸಾವಿರ ಕಿಲೋಮೀಟರ್."

"ಶಾಲೆ ಬಿಟ್ಟೋನು ನನಗೆ ಗಡಿಯಾರ ನೋಡೋದು ಕಲಿಸ್ತಾನೆ! ಮೂರು ಗಂಟೆ ದಾರಿಗೆ ಏನವಸರ? ಜ್ವರ ಜಾಸ್ತಿಯಾದ್ರೆ ಬೆಳಗ್ಗೆ ಹೋಗಿ ರಾತ್ರಿ ಕರ್ಕೊಂಡು ಬಾ."

ಇನ್ನೊಮ್ಮೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಒಳಗೊಳಗೇ ಹಾಯೆನಿಸಿತು — ಸುಳ್ಳೇಕೆ ಬರೆಯಲಿ.

ಮಾರ್ಚ್ 6
ಹೋಲ್ಡ್ ಒಂದು ದಿನದ್ದು. ತಾನಾಗಿಯೇ ಬಿದ್ದುಹೋಯಿತು. ಮತ್ತೆ ಹಾಕಿದೆ.

"ಏನಯ್ಯಾ, ಸೀಟಿಗೆ ಕರ್ಚೀಫ್ ಹಾಕಿ ಬಸ್ಸೇ ಹತ್ತದವನ ಥರ ಆಡ್ತಿದ್ದೀಯ," ಅಂದರು ಅಂಗಡಿ ಯಜಮಾನರು. "ಹೋಗ್ತೀಯೋ ಇಲ್ವೋ?"

ನಕ್ಕೆ. ಸಂಜೆ ಅಕ್ಕನ ಫೋನ್. ಮಾತಿಗಿಂತ ಕೆಮ್ಮೇ ಹೆಚ್ಚು.

"ಹೊರಟ್ಯಾ?"

"ಸೀಟು ಹಿಡಿದಿದ್ದೀನಿ ಅಕ್ಕ."

ಅದು ಸುಳ್ಳಲ್ಲ. ಅದಕ್ಕೇ ನನ್ನ ಮೇಲೆ ನನಗೆ ಇನ್ನೂ ಅಸಹ್ಯ.

ಮಾರ್ಚ್ 11
ಅಕ್ಕ ಮೊನ್ನೆ ಹೋಗಿಬಿಟ್ಟಳು. ಆಸ್ಪತ್ರೆಯವರೇ ಫೋನ್ ಮಾಡಿದರು.

ಅಪ್ಪ ಇವತ್ತೂ ಅದನ್ನೇ ಗೊಣಗುತ್ತಿದ್ದ. "ಮೂರೇ ಗಂಟೆ ದಾರಿ... ಮೂರೇ ಗಂಟೆ..."

"ಹನ್ನೆರಡಪ್ಪ. ಹನ್ನೆರಡಾದ್ರೂ ಹೋಗಬಹುದಿತ್ತು. ವಿಮಾನ ಹತ್ತೋಕೆ ಹೆದರಿ ನಾನೇ ಹೋಗಲಿಲ್ಲ."

ಹೊಡೆಯುತ್ತಾನೆ ಅಂದುಕೊಂಡೆ. ತಲೆ ಎತ್ತಲೂ ಇಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಮಾರ್ಚ್ 16
ಅವಳನ್ನು ಕರೆತರುವ ಕಾಗದಪತ್ರದ ಕೆಲಸ ಮುಗಿಯಿತು. ಈ ಸಲ ಹೋಲ್ಡ್ ಅಲ್ಲ. ಟಿಕೆಟ್ ಮಾಡಿಯೇ ಎದ್ದೆ.

ಅಪ್ಪ ಇವತ್ತು ಬಾಯಿಬಿಟ್ಟ.

"ವಾಪಸ್ ಬರುವಾಗ ಎಷ್ಟು ಹೊತ್ತೋ?"

"ಹನ್ನೆರಡು ಗಂಟೆ."

ಪ್ರಿಂಟ್ ಕೇಳಲಿಲ್ಲ. ವಾದಿಸಲೂ ಇಲ್ಲ.

"ಅವಳ ಪಕ್ಕದಲ್ಲೇ ಕೂತ್ಕೋತೀಯಲ್ಲ?"

"ಇಲ್ಲಪ್ಪ. ಪೆಟ್ಟಿಗೆ ಕೆಳಗಿರತ್ತೆ. ಲಗೇಜ್ ಇಡೋ ಕಡೆ."



"ಅಷ್ಟು ದೂರ... ಒಬ್ಬಳೇನಾ?"

ಹೂಂ ಅಂದೆ.

ನಾಳೆ ಹೊರಡುತ್ತೇನೆ.