ಕೈಬದಲಾದ ಕೀಲಿಗೊಂಚಲು

ಗದಗ
ಎರಡು ಸಾವಿರದ ಇನ್ನೂರ ಹದಿನೆಂಟನೆಯ ಇಸವಿ, ಹದಿಮೂರನೆಯ ತಿಂಗಳು, ಎರಡನೆಯ ದಿನ

ಪೂಜ್ಯ ಚೆನ್ನಬಸವ್ವಜ್ಜಿಗೆ, ಆರು ತಲೆಮಾರು ಆಚೆಯ ನಿಮ್ಮ ಮೊಮ್ಮಗಳು ಶಶಿರೇಖೆಯ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಂದದ್ದಕ್ಕೆ ಗಾಬರಿಯಾಗಬೇಡಿ. ನಮ್ಮ ವರ್ಷದ ಕೊನೆಗೆ ಐದಾರು ದಿನಗಳ ಪುಟ್ಟ ತಿಂಗಳೊಂದಿದೆ, ಅದನ್ನು ಸರದಿಮಾಸ ಎನ್ನುತ್ತೇವೆ. ಇಂಥ ವಿಚಿತ್ರ ಪದಗಳು ಇನ್ನೂ ಬರುತ್ತವೆ. ಗಂಡನನ್ನು ‘ಅವನು’ ಎಂದೂ ಬರೆಯುತ್ತೇನೆ. ಎರಡನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಮನೆಗೆ ಕಾಯಂ ಯಜಮಾನರಿಲ್ಲ. ಗಂಡ ಹೆಂಡಿರಲ್ಲಿ ಒಂದು ವರ್ಷ ಒಬ್ಬರು ಕೀಲಿಯವರು, ಇನ್ನೊಬ್ಬರು ಒಲೆಯವರು. ಕೀಲಿಯವರು ಮನೆಯ ಆಗುಹೋಗು ನಿರ್ಧರಿಸುತ್ತಾರೆ, ಓಣಿಯ ಸಭೆಯಲ್ಲಿ ಕೈ ಎತ್ತುತ್ತಾರೆ. ಒಲೆಯವರು ಅಡುಗೆ, ಮಕ್ಕಳು, ಬಂದುಹೋಗುವವರನ್ನು ನೋಡಿಕೊಳ್ಳುತ್ತಾರೆ. ಸರದಿಮಾಸದಲ್ಲಿ ಕೀಲಿಗೊಂಚಲು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋಗುತ್ತದೆ. ಈಗಿನ ಬಾಗಿಲುಗಳಿಗೆ ಬೀಗವೇ ಇಲ್ಲ, ಆ ಕೀಲಿಗಳಿಂದ ಏನೂ ತೆರೆಯುವುದಿಲ್ಲ. ಆದರೂ ಗೊಂಚಲು ಸೊಂಟದಲ್ಲಿದ್ದರೆ ನಡಿಗೆಯ ಗತ್ತೇ ಬೇರೆ, ಸುಳ್ಳೇಕೆ ಹೇಳಲಿ.

ಈ ವರ್ಷ ನನ್ನ ಗಂಡ ಗುರುಪಾದ ಒಲೆಯವನು. ಅವನ ಎಣಗಾಯಿಯ ಘಮಕ್ಕೆ ಅರ್ಧ ಓಣಿ ನಮ್ಮ ಪಡಸಾಲೆಯಲ್ಲೇ ಇರುತ್ತದೆ. ನಿನ್ನೆ ನಾನು ಗೊಂಚಲು ಬಿಚ್ಚಿ ಅವನ ಮುಂದೆ ಹಿಡಿದೆ. ಅವನು ಕೈ ಹಿಂದಕ್ಕೆಳೆದುಕೊಂಡ.

“ನಿನಗs ಎಲ್ಲಾ ಗೊತ್ತೈತಿ, ನೀನs ನಡಸು. ನನಗ ಇಲ್ಲೇ ಆರಾಮ ಐತಿ.”

ನನಗೆ ಒಳಗೊಳಗೇ ಖುಷಿಯಾಯಿತು ಅಜ್ಜಿ. ಸಮುದ್ರದ ಮೇಲೆ ಹೊಸದಾಗಿ ಕಟ್ಟಿರುವ ಊರಿಗೆ ಮನೆ ಬದಲಿಸುವ ಆಸೆ ನನ್ನದು, ಅವನಿಗೂ ಅದು ಗೊತ್ತು. ಇನ್ನೊಂದು ವರ್ಷ ಕೀಲಿ ನನ್ನಲ್ಲೇ ಉಳಿದರೆ ಕೇಳುವವರು ಯಾರು? ಆದರೆ ಅವನಾಡಿದ ಆ ಮಾತನ್ನು ನಾನು ಮೊದಲೇ ಎಲ್ಲೋ ಕೇಳಿದ್ದೆ.

ನಮ್ಮ ಶಾಲೆಗಳಲ್ಲಿ ‘ಅಜ್ಜಿದನಿ’ ಎಂಬ ಪಾಠವಿದೆ. ನಿಮ್ಮ ಕಾಲದ ಹೆಂಗಸರ ಮಾತಿನ ರೆಕಾರ್ಡಿಂಗುಗಳನ್ನು ಮಕ್ಕಳಿಗೆ ಕೇಳಿಸುತ್ತಾರೆ. ಅದರಲ್ಲಿ ನೀವಿದ್ದೀರಿ. ಮನೆಯ ವಿಚಾರದಲ್ಲಿ ನಿಮ್ಮ ಮನಸ್ಸಿನಲ್ಲೇನಿದೆ ಎಂದು ಯಾರೋ ಕೇಳುತ್ತಾರೆ. “ಎಲ್ಲಾ ಅವರಿಗೆ ಗೊತ್ತೈತ್ರಿ. ನನಗ ಇಲ್ಲೇ ಆರಾಮ ಐತಿ” ಎನ್ನುತ್ತೀರಿ. ಆಮೇಲೆ ಸ್ವಲ್ಪ ಹೊತ್ತು ಸದ್ದಿಲ್ಲ. ಪಾತ್ರೆಗೆ ಮುಚ್ಚಳ ಮುಚ್ಚಿದ ಶಬ್ದ. ನಾನು ಶಾಲೆಯಲ್ಲಿದ್ದಾಗ ಅದನ್ನು ಕೇಳಿ ನಾವು ಮಕ್ಕಳೆಲ್ಲ ನಕ್ಕೆವು. ಟೀಚರು ನಗಲಿಲ್ಲ, ಮಾತು ನಿಂತ ಆ ಜಾಗವನ್ನಷ್ಟೇ ಇನ್ನೊಮ್ಮೆ ಕೇಳಿಸಿದರು.

ಗೊಂಚಲನ್ನು ರಾತ್ರಿ ಗೋಡೆಯ ಗೂಡಿನಲ್ಲಿಟ್ಟು, ಬೆಳಿಗ್ಗೆ ಮತ್ತೆ ಅವನ ಮುಂದೆ ಹಿಡಿದು, ನಿನಗೇನು ಬೇಕು ಎಂದು ಕೇಳಿದೆ. ಅವನು ರೊಟ್ಟಿ ಬಡಿಯುತ್ತಿದ್ದ. ಕೈ ನಿಂತಿತು. ತಲೆ ಎತ್ತದೆಯೇ ಹೇಳಿದ:

“ಸಮುದ್ರದ ಊರು ನನಗ ಬ್ಯಾಡ. ಅಲ್ಲಿ ನಾ ಇರಾಂಗಿಲ್ಲ.”

ಆಮೇಲೆ ಹಿಟ್ಟಿನ ಕೈಯಲ್ಲೇ ಗೊಂಚಲು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೀಗಾಗಿ ನಾವು ಎಲ್ಲಿಗೂ ಹೋಗುತ್ತಿಲ್ಲ. ನಾನು ಮುಖ ಊದಿಸಿಕೊಂಡು ಒಲೆಯ ಮುಂದೆ ಕೂತೆ, ಮೊದಲ ರೊಟ್ಟಿಯನ್ನೇ ಸೀಯಿಸಿದೆ. ಅವನು ನಗುತ್ತಾ ಅದನ್ನೇ ಮುರಿದುಕೊಂಡು ತಿಂದ. ನನಗೂ ನಗು ಬಂತು. ಮನೆ ಹಗುರಾಗಿದೆ ಅಜ್ಜಿ, ನಾನು ಸುಖವಾಗಿದ್ದೇನೆ.

ಒಂದೇ ಕೋರಿಕೆ. ನಿಮ್ಮನ್ನು ಕೇಳಿದವರು ಒಂದು ಸಲ ಕೇಳಿ ಎದ್ದು ಹೋದರು. ಎರಡನೆಯ ಸಲ ನಾನು ಕೇಳುತ್ತಿದ್ದೇನೆ. ಒಲೆ ಆರಿಸಿ, ಇಲ್ಲಿ ಬಂದು ಕೂತುಕೊಳ್ಳಿ. ನಿಮಗೇನು ಬೇಕಿತ್ತು?

ಕಾಯುತ್ತಿರುವ
ಶಶಿರೇಖೆ