ಜಾಜಿನ ಗುರುತು

ಗುರುಗುಂಟಾ
೧೨ ಫೆಬ್ರುವರಿ ೨೦೨೪

ಆಸ್ಮಾಳ ಅಬ್ಬಾಗೆ ಮುಸರತ್ ಮಾಡುವ ಸಲಾಮು.

ನಾನು ತವರಿಗೆ ಬಂದು ಹದಿನೈದು ದಿನವಾಯಿತು. ಅಮ್ಮಿಯ ಮೊಣಕಾಲು ಈಗ ಚೆನ್ನಾಗಿದೆ. ನಿಜ ಹೇಳಬೇಕೆಂದರೆ ಅದು ನೋಯುತ್ತಲೇ ಇರಲಿಲ್ಲ. ಫೋನು ಹಚ್ಚಿದರೆ ಜಗಳಕ್ಕೇ ಬೀಳುತ್ತೇನೆ, ಅದಕ್ಕೆ ಈ ಕಾಗದ. ತಮ್ಮ ಬಾಬುಸಾಬ್ ನಾಳೆ ಮಸ್ಕಿಗೆ ಬಂದಾಗ ಕೈಗೆ ಕೊಡುತ್ತಾನೆ. ಆಸ್ಮಾಗೆ ಶಾಲೆಯ ಡಬ್ಬಿ ಕಟ್ಟುವುದನ್ನು ಮರೆಯಬೇಡಿ.

ಸಿಂಧನೂರಿನ ಪಂಪಾವತಿಯಮ್ಮನ ತಂಬೂರಿಗೆ ಬುರುಡೆ ಕೊರೆದು ಮುಗಿಯಿತಂತೆ, ಶುಕ್ರವಾರ ಮೇಲಿನ ಹಲಗೆ ಅಂಟಿಸುತ್ತೀರಂತೆ. ತತ್ವಪದ ಹಾಡುವ ದೊಡ್ಡವರು, ಅವರ ಕೆಲಸಕ್ಕೆ ಕೈ ಓಡುತ್ತದೆ ಬಿಡಿ. ನನಗೆ ಬೇರೆ ಸಂಶಯವೇನೂ ಇಲ್ಲ, ಅವರಿಗೆ ಅರವತ್ತು ದಾಟಿದೆ. ಅಂಥದ್ದೇನಾದರೂ ಆಗಿದ್ದರೆ ಬೀದಿಯಲ್ಲಿ ನಿಂತು ಕೂಗಾಡಿ ಹಗುರಾಗುತ್ತಿದ್ದೆ.

ನನ್ನ ಹೊಟ್ಟೆಕಿಚ್ಚು ಬೇರೆಯದು. ಹದಿನಾಲ್ಕು ವರ್ಷ ನಿಮ್ಮ ಅಂಗಡಿಯಲ್ಲಿ ಮರ ಬಡಿದು ನೋಡಿದವಳು ನಾನು. ನೀವು ಉಳಿ ಹಿಡಿದು ಕಾಯುತ್ತಿದ್ದಿರಿ. ನಾನು ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಇಲ್ಲಿ ಇನ್ನೂ ದಪ್ಪ ಇದೆ ಎಂದರೆ ಅಲ್ಲೇ ಕೆತ್ತುತ್ತಿದ್ದಿರಿ. ಹೆಸರು ನಿಮ್ಮದಾಯಿತು, ನನಗದು ಬೇಕೂ ಇರಲಿಲ್ಲ. ಆ ದಿನ ಪಂಪಾವತಿಯಮ್ಮ ಕೊರಡು ಆರಿಸಲು ಬಂದರು. ನಾನು ಎಂದಿನಂತೆ ಕೈ ಚಾಚಿದೆ. "ನೀ ಒಳಗ ಹೋಗಿ ಚಾ ಮಾಡು, ಅವರೇ ಬಡದು ನೋಡ್ತಾರ. ಅವರ ಕಿವಿ ಭಾಳ ಸೂಕ್ಷ್ಮ ಐತಿ" ಎಂದಿರಿ. ಮಾಡಿದೆ. ಸಕ್ಕರೆ ಹಾಕಲಿಲ್ಲ. ಇಬ್ಬರೂ ಗಮನಿಸದೆ ಕುಡಿದಿರಿ.

ಈಗ ಹೇಳಲೇಬೇಕಾದ ಮಾತು. ಮರ ಕಡಿದ ವರ್ಷವನ್ನು ಪ್ರತಿ ಕೊರಡಿನ ತುದಿಗೆ ಕೆಮ್ಮಣ್ಣಿನ ಜಾಜಿನಿಂದ ಬರೆಯುವವಳು ನಾನೇ. ಮೂರು ಬೇಸಿಗೆ ಒಣಗದ ಮರಕ್ಕೆ ನೀವು ಉಳಿ ಮುಟ್ಟಿಸುವುದಿಲ್ಲ. ಅವರು ಆರಿಸಿದ ಬೇವಿನ ಕೊರಡಿನ ಮೇಲೆ ೨೦೨೦ ಎಂದಿತ್ತು. ಅದೇ ಗಾತ್ರದ ಇನ್ನೊಂದರ ಮೇಲೆ ೨೦೨೩. ಸಂಜೆ ನೀವು ನಮಾಜಿಗೆ ಹೋದಾಗ ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಅದರ ವರ್ಷ ಇದಕ್ಕೆ, ಇದರದ್ದು ಅದಕ್ಕೆ ಬರೆದೆ. ೨೦೨೦ ಎಂಬುದನ್ನು ನೋಡಿ ನೀವು ಎತ್ತಿಕೊಂಡು ಕೊರೆದದ್ದು ಹಸಿ ಮರ. ಕೆತ್ತುವಾಗ ಕೈಗೆ ಗೊತ್ತಾಗಿರಬೇಕು, ಆದರೆ ನನ್ನ ಬರಹ ನೋಡಿ ಸುಮ್ಮನಾಗಿರುತ್ತೀರಿ.

ಹಲಗೆ ಅಂಟಿಸಬೇಡಿ. ಏಪ್ರಿಲ್ ಬಿಸಿಲಿಗೆ ಬುರುಡೆ ಸೀಳುತ್ತದೆ. ಆಗ ಜನ ಬಯ್ಯುವುದು ನಿಮ್ಮ ಕೈಯನ್ನು, ನನ್ನ ಬರಹವನ್ನಲ್ಲ. ಅಷ್ಟೇ ಕಾರಣಕ್ಕೆ ಈ ಕಾಗದ. ಕ್ಷಮೆ ಕೇಳುತ್ತಿಲ್ಲ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಇನ್ನೂ ನಿಮ್ಮವಳೇ ಆದ,
ಮುಸರತ್

ತಾ.ಕ.: ಅಷ್ಟೇ ಕಾರಣಕ್ಕಲ್ಲ. ಮೊನ್ನೆ ಬಾಬುಸಾಬ್ ನಿಮ್ಮ ಅಂಗಡಿಯಲ್ಲಿ ಕೇಳಿದ್ದನ್ನು ಬಂದು ಹೇಳಿದ. ಪಂಪಾವತಿಯಮ್ಮ ಬುರುಡೆ ಬಡಿದು, "ಯಾಕೋ ಹಸಿ ಐತಿ ಅನಸ್ತದ ಶಾಕೀರ" ಎಂದರಂತೆ. ನೀವು, "ಆಸ್ಮಾಳ ಅಮ್ಮಿ ಬರದ ಗುರ್ತು ಐತ್ರೀ ಅದು, ತಪ್ಪಂಗಿಲ್ಲ" ಎಂದಿರಂತೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಅವರ ಕಿವಿ ಸರಿಯಾಗಿದೆ. ಇಷ್ಟನ್ನು ಬರೆಯಲು ಎರಡು ದಿನ ಬೇಕಾಯಿತು. ಒಣಗಿದ ಕೊರಡು ಇಲ್ಲೇ ನನ್ನ ಮಂಚದ ಕೆಳಗಿದೆ. ಗೋಣಿಚೀಲದಲ್ಲಿ ಹಾಕಿಕೊಂಡು ಬಂದೆ, ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ್ದಕ್ಕೆ ಒರಳು ಎಂದೆ. ಅದನ್ನು ಬಾಬುಸಾಬ್ ಕೈಗೆ ಕೊಡುವುದಿಲ್ಲ. ನೀವೇ ಬನ್ನಿ, ಉಳಿ ತನ್ನಿ. ಬೇಕಾದರೆ ಪಂಪಾವತಿಯಮ್ಮನನ್ನೂ ಕರೆತನ್ನಿ. ಚಹಾ ಅಮ್ಮಿ ಮಾಡುತ್ತಾಳೆ, ಮರ ಬಡಿದು ನೋಡುವವಳು ನಾನು.